ಧಗೆ ಮುರಿಯುವ ಗಳಿಗೆ
(ನಾಟ್ರಾಂಪಾಳ್ಯದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲು ದಾಖಲಾಯಿತು. ಆ ನಗರದ ದಾಖಲೆ 2016ರ ಏಪ್ರಿಲ್ 24ರ 39.2 ಡಿಗ್ರಿ, ಅದಕ್ಕಿಂತ 0.7 ಡಿಗ್ರಿಯಷ್ಟೇ ಕಡಿಮೆ ಎಂದು ಪತ್ರಿಕೆಗಳೆಲ್ಲ ಬರೆದವು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಹೊಸೂರೂ ಹೆಚ್ಚುಕಮ್ಮಿ ಅದೇ ಎತ್ತರದ್ದು. ಆದರೆ ನಮ್ಮ ಈ ನಾಟ್ರಾಂಪಾಳ್ಯದಿಂದ ಹೊಗೇನಕಲ್ಲಿನ ಕಡೆಗೆ ಹೋಗುವ ದಾರಿ ಇಳಿಯುತ್ತಲೇ ಹೋಗುತ್ತದೆ. ಮೆಟ್ಟೂರು ಅಣೆಕಟ್ಟೆ ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 790 ಅಡಿ, ಅಂದರೆ ಸುಮಾರು 240 ಮೀಟರ್. ಅದರ ಹಿನ್ನೀರಿನ ತುದಿಯಲ್ಲಿದೆ ಹೊಗೇನಕಲ್. ಬೇಸಿಗೆಯ ನಡುಹಗಲಲ್ಲಿ ಗಾಳಿ ಮೇಲೆ ಕೆಳಗೆ ಚೆನ್ನಾಗಿ ಕಲಕಿರುವಾಗ ನೂರು ಮೀಟರ್ ಕೆಳಗಿಳಿದರೆ ಒಂದು ಡಿಗ್ರಿಯ ಹತ್ತಿರ ಬಿಸಿ ಏರುತ್ತದೆ. ಈಗ ಲೆಕ್ಕ ಹಾಕಿ ನೋಡಿ. ಹೊಸೂರಿನಲ್ಲಿ 37 ಡಿಗ್ರಿ ಇರುವ ಮಧ್ಯಾಹ್ನ, ಕಾವೇರಿಯ ದಂಡೆಯ ಬಂಡೆಗಳ ನಡುವೆ 43ರ ಆಸುಪಾಸು ಇರಬೇಕು. ನೇರ ಅಂತರ ಸುಮಾರು 70 ಕಿಲೋಮೀಟರ್, ಹೊತ್ತು ಅದೇ, ಸೂರ್ಯನೂ ಅವನೇ.

ನಾವು ಕೂತಿರುವುದು ಈ ಎರಡರ ನಡುವಿನ ಇಳಿಜಾರಿನಲ್ಲಿ. ಮೇಲೆ ಹೊಸೂರು, ತಳಿ, ದೇಂಕಣಿಕೋಟೆಯ ಎತ್ತರದ ನೆಲ. ಕೆಳಗೆ ಬಾರಾಮಹಲ್ ಎಂದು ಹಿಂದೆ ಕರೆಯುತ್ತಿದ್ದ ಕೃಷ್ಣಗಿರಿ, ಕಾವೇರಿಪಟ್ಟಣ, ಧರ್ಮಪುರಿಯ ಬಯಲು. ಮಗ್ಗುಲಲ್ಲಿ ಮೇಲಗಿರಿಯ ಕಾಡು. ನಮ್ಮ ಬೇಸಿಗೆಯ ಕಥೆಯೆಲ್ಲ ಈ ಇಳಿಜಾರಿನಲ್ಲಿದೆ. ಹವಾಮಾನ ಇಲಾಖೆಯ ಸೂಚನೆ ನಮ್ಮ ಕಿವಿಗೆ ಬಿದ್ದರೂ ನಮ್ಮ ಹೊಲಕ್ಕೆ ಹೊಂದದೆ ಹೋಗುವುದಕ್ಕೆ ಕಾರಣವೂ ಇಲ್ಲಿಯೇ ಇದೆ.

ಭಾರತ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಬಿಸಿಗಾಳಿ ಎಂದು ಅದು ಘೋಷಿಸಬೇಕಾದರೆ ಮೊದಲ ಷರತ್ತು: ಬಯಲಿನಲ್ಲಿ ಕನಿಷ್ಠ 40 ಡಿಗ್ರಿ, ಕರಾವಳಿಯಲ್ಲಿ 37, ಗುಡ್ಡಗಾಡಿನಲ್ಲಿ 30 ಮುಟ್ಟಿರಬೇಕು. ಆಮೇಲೆ ಅದು ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, 6.4 ದಾಟಿದರೆ ತೀವ್ರ ಬಿಸಿಗಾಳಿ. ಒಂದು ಹವಾಮಾನ ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಎರಡು ದಿನ ಹೀಗೇ ಇದ್ದರೆ ಘೋಷಣೆ. ತಮಿಳುನಾಡು, ಪುದುಚೇರಿ, ಕಾರೈಕಾಲ್ ಸೇರಿದ ಉಪವಿಭಾಗ ನಮ್ಮದು. ಪತ್ರಿಕೆಯಲ್ಲಿ ನಾವು ದಿನವೂ ಓದುವ ಅಂಕಿ ಸೇಲಂ, ಧರ್ಮಪುರಿ, ತಿರುಪತ್ತೂರು, ವೇಲೂರುಗಳದ್ದು. ಈ ನಿಯಮ ದೇಶಕ್ಕೆ ಬೇಕಾದದ್ದು, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಪೂರ್ತಿ ಬಯಲೂ ಅಲ್ಲದ, ಪೂರ್ತಿ ಗುಡ್ಡವೂ ಅಲ್ಲದ ಊರಿನವರು 'ಬಿಸಿಗಾಳಿ ಘೋಷಣೆ ಆಗಿಲ್ಲ, ಹಾಗಾದರೆ ಅಪಾಯವಿಲ್ಲ' ಎಂದು ನಂಬಿ ಕೂರಬಾರದು. ತಗಡಿನ ಮಾಡಿನ ಕೆಳಗೆ ಮಲಗಿರುವ ಬಾಣಂತಿಗೆ ಉಪವಿಭಾಗದ ಸರಾಸರಿ ತಟ್ಟುವುದಿಲ್ಲ, ಆ ತಗಡಿನ ಕಾವು ತಟ್ಟುತ್ತದೆ.

ಇಂದು ನಾನು ಹೇಳಬೇಕೆಂದು ಬಂದ ಮಾತು ಒಂದೇ. ಬಿಸಿಲನ್ನೂ ಬೇಸಿಗೆಯ ಗುಡುಗುಮಳೆಯನ್ನೂ ನಾವು ಎರಡಾಗಿ ನೋಡುತ್ತೇವೆ. ಒಂದು ಕಷ್ಟ, ಇನ್ನೊಂದು ಅದರ ಪರಿಹಾರ ಅನ್ನುತ್ತೇವೆ. ಯುಗಾದಿ ಕಳೆದು ಅಶ್ವಿನಿ, ಭರಣಿ ಬರುವ ಹೊತ್ತಿಗೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬ ಹಿರಿಯರ ಮಾತು ಸುಳ್ಳಲ್ಲ. ಆ ಮಳೆ ಬಿದ್ದರೆ ನೆಲ ಹದವಾಗುತ್ತದೆ, ನೇಗಿಲು ಇಳಿಯುತ್ತದೆ, ದನಕ್ಕೆ ಹಸಿರು ಚಿಗುರುತ್ತದೆ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಅಂದರೆ ನಲವತ್ತು ಸಾವಿರ ಲೀಟರ್ ನೀರು. ಅಷ್ಟನ್ನು ಯಾವ ಬೋರ್‌ವೆಲ್ಲೂ ಬಿಟ್ಟಿಯಾಗಿ ಕೊಡುವುದಿಲ್ಲ. ಆದರೆ ಆ ಮಳೆ ಕಟ್ಟುವುದು ಇದೇ ಬಿಸಿಲಿನ ಕಸುವಿನಿಂದ. ಬಿಸಿಲು ಎಷ್ಟು ದಿನ ಎಡೆಬಿಡದೆ ಕಾದಿತೋ, ಅದು ಮುರಿಯುವ ಮೊದಲ ಮಳೆಗೆ ಅಷ್ಟು ಕಸುವು ಕೂಡಿರಬಹುದು. ನಮ್ಮ ಜನ, ನಮ್ಮ ದನಕರು, ನಮ್ಮ ಮಾವು ಹೆಚ್ಚು ಪೆಟ್ಟು ತಿನ್ನುವುದು ಈ ತಿರುವಿನಲ್ಲಿ. ಧಗೆ ತಾಳಲಾರದೆ 'ಇವತ್ತು ಮಳೆ ಬಂದರೆ ಸಾಕಪ್ಪ' ಎಂದು ಬಯಲಿಗೆ ಬಂದು ನಿಲ್ಲುತ್ತೇವಲ್ಲ, ಎಚ್ಚರ ಬೇಕಾದದ್ದು ಆ ಗಳಿಗೆಯಲ್ಲಿ.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಹಾರಾಷ್ಟ್ರದ ವಿದರ್ಭ, ಮರಾಠವಾಡದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾದು ತಮಿಳುನಾಡಿನವರೆಗೆ ಒತ್ತಡ ಕಡಿಮೆಯಿರುವ ಒಂದು ಪಟ್ಟಿ ಚಾಚಿಕೊಳ್ಳುತ್ತದೆ. ಇಲಾಖೆಯ ಪ್ರಕಟಣೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಈ ಪಟ್ಟಿಯ ಒಂದು ಮಗ್ಗುಲಿಗೆ ಒಳನಾಡಿನ ಒಣಗಾಳಿ, ಇನ್ನೊಂದು ಮಗ್ಗುಲಿಗೆ ಬಂಗಾಳಕೊಲ್ಲಿಯಿಂದ ಬರುವ ತೇವದ ಗಾಳಿ. ಎರಡೂ ಸಂಧಿಸುವ ಕಡೆ ಗಾಳಿ ಮೇಲೇಳುತ್ತದೆ. ನೆಲ ಕಾದಿದ್ದರೆ ಇನ್ನೂ ಬೇಗ ಏಳುತ್ತದೆ. ಮುಂದೆ ಗುಡ್ಡ ಅಡ್ಡ ಬಂದರೆ ಅದೂ ಮೇಲಕ್ಕೆ ತಳ್ಳುತ್ತದೆ. ನಮ್ಮಲ್ಲಿ ಈ ಮೂರೂ ಇವೆ.

ಆದರೂ ಕೆಲವು ವರ್ಷ ವಾರಗಟ್ಟಲೆ ಬಿಸಿಲು ಸುಡುತ್ತದೆ, ಒಂದು ಹನಿಯೂ ಬೀಳುವುದಿಲ್ಲ. ಮೇಲಿನಿಂದ ಕೆಳಗಿಳಿಯುವ ಗಾಳಿ ಬೆಚ್ಚಗಾಗಿ, ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಪದರ ಕಟ್ಟಿ, ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಕೂತುಬಿಡುತ್ತದೆ. ಕೆಳಗಿನ ಬಿಸಿಗಾಳಿ ಎದ್ದರೂ ಅದನ್ನು ದಾಟಲಾರದು. 2023ರಲ್ಲಿ ಶುರುವಾದ ಎಲ್ ನಿನೊ ಬೆನ್ನಿಗಿದ್ದ 2024ರ ಬೇಸಿಗೆಯಲ್ಲಿ ನಾವು ಕಂಡದ್ದು ಅಂಥ ದೀರ್ಘ ಧಗೆ. ಬೆಂಗಳೂರಿನಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಸಾಲು ನಿಂತದ್ದೂ ಆಗಲೇ. ಮೇ ತಿಂಗಳು ಹಿಡಿದ ಮೇಲೆ ಆ ನಗರಕ್ಕೆ ಮಳೆ ಬಂದಾಗ ಗಾಳಿ, ಗುಡುಗು, ಉರುಳಿದ ಮರಗಳ ಜೊತೆಗೇ ಬಂತು.

ಮುಚ್ಚಳ ಒಡೆದಾಗ ಏನಾಗುತ್ತದೆ? ಮೇಲೇರಿದ ಗಾಳಿಯಲ್ಲಿದ್ದ ಆವಿ ಹನಿಯಾಗುತ್ತದೆ, ಹನಿಯಾಗುವಾಗ ಶಾಖ ಬಿಡುತ್ತದೆ. ಒಂದು ಲೀಟರ್ ನೀರಿನಷ್ಟು ಆವಿ ಹನಿಗಟ್ಟಿದರೆ ಹೊರಬೀಳುವ ಶಾಖ ಏಳು ಲೀಟರ್ ತಣ್ಣೀರನ್ನು ಕುದಿಬರಿಸಲು ಸಾಕು. ಆ ಶಾಖ ಗಾಳಿಯನ್ನು ಇನ್ನೂ ಮೇಲಕ್ಕೆಳೆಯುತ್ತದೆ. ಅರ್ಧ ಮುಕ್ಕಾಲು ಗಂಟೆಯಲ್ಲಿ ಮೋಡ ಹತ್ತು ಹನ್ನೆರಡು ಕಿಲೋಮೀಟರ್ ದಾಟಿ, ಬಲವಾದದ್ದಾದರೆ ಹದಿನೈದರವರೆಗೂ ಬೆಳೆಯುತ್ತದೆ. ಐದು ಕಿಲೋಮೀಟರಿನ ಆಚೆ ಈ ಕಡುಬೇಸಿಗೆಯಲ್ಲೂ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಮಂಜಿನ ಹರಳೂ ಆಲಿಕಲ್ಲಿನ ಮೊಳಕೆಯೂ ಒಂದಕ್ಕೊಂದು ತಾಗಿ ತಾಗಿ ವಿದ್ಯುತ್ತು ಬೇರೆಬೇರೆಯಾಗಿ ಮೋಡದ ಮೇಲೊಂದು ಕೆಳಗೊಂದು ಸೇರುತ್ತದೆ. ಸಿಡಿಲು ಹುಟ್ಟುವುದು ಹೀಗೆ.

ಕೆಳಗೆ ನಿಂತವರಿಗೆ ಕಾಣುವುದು ಬೇರೆ. ಬೆಳಿಗ್ಗೆ ಹತ್ತಕ್ಕೇ ಬೆವರು ಆರುವುದಿಲ್ಲ, ಮೈ ಅಂಟಂಟು. ಮಧ್ಯಾಹ್ನ ಒಂದೆರಡು ಗಂಟೆಗೆ ಗುಡ್ಡದ ನೆತ್ತಿಯ ಮೇಲೆ ಹತ್ತಿಯಂಥ ಬಿಳಿ ಮೋಡ ಎದ್ದು, ನೋಡುತ್ತಿದ್ದಂತೆ ಎತ್ತರಕ್ಕೆ ಬೆಳೆಯುತ್ತದೆ. ಬುಡ ಕಪ್ಪಾಗುತ್ತದೆ. ಮೂರು, ನಾಲ್ಕು ಗಂಟೆಗೆ ಇದ್ದ ಗಾಳಿಯೂ ನಿಂತು ಎಲೆ ಅಲ್ಲಾಡದೆ ಉಸಿರುಕಟ್ಟಿದಂತಾಗುತ್ತದೆ. ಆಮೇಲೆ ಒಮ್ಮೆಲೆ ತಣ್ಣನೆ ಗಾಳಿ, ಧೂಳು, ಎಲ್ಲೋ ನೆನೆದ ಮಣ್ಣಿನ ವಾಸನೆ. ಎಲ್ಲರೂ 'ಅಬ್ಬ, ತಂಪಾಯಿತು' ಅನ್ನುತ್ತಾರೆ. ಆ ತಂಪು ಗಾಳಿ ಮೋಡದೊಳಗಿಂದ ಕೆಳಗೆ ಬಿದ್ದು ನೆಲಕ್ಕೆ ಹೊಡೆದು ನಾಲ್ಕೂ ಕಡೆ ಹರಡಿದ್ದು. ಮಳೆಹನಿ ಒಣಗಾಳಿಯಲ್ಲಿ ಆವಿಯಾಗುತ್ತಾ ಗಾಳಿಯನ್ನು ತಣ್ಣಗೆ ಮಾಡುತ್ತದೆ, ತಣ್ಣಗಾದ ಗಾಳಿ ಭಾರವಾಗಿ ಕುಸಿಯುತ್ತದೆ. ಗಂಟೆಗೆ 62 ಕಿಲೋಮೀಟರ್ ವೇಗ ದಾಟಿದರೆ ಇಲಾಖೆ ಅದನ್ನು ತೀವ್ರ ಗುಡುಗುಗಾಳಿ ಎಂದು ಎಣಿಸುತ್ತದೆ, 87 ದಾಟಿದರೆ ಅತಿ ತೀವ್ರ. ತಗಡು ಹಾರುವುದು, ತೆಂಗು ಮುರಿಯುವುದು, ಬಾಳೆ ಮಲಗುವುದು ಬಹಳ ಸಲ ಮಳೆಯ ಮೊದಲ ಹನಿಗಿಂತ ಮುಂಚೆ.

ನಮ್ಮ ಹೆಂಗಸರಿಗೆ ಇದು ಗೊತ್ತು. 'ಮ್ಯಾಗೆ ಕಪ್ಪು ಕಟ್ಟೈತೆ, ಆಡು ಹೊಡ್ಕೊಂಡ್ ಬಾ ಮಗ' ಎಂದು ಹಟ್ಟಿಯಿಂದ ಕೂಗುವ ತಾಯಿಯ ದನಿ ನೀವೆಲ್ಲ ಕೇಳಿದ್ದೀರಿ. ತೊಂದರೆ ಇರುವುದು ಮಗನ ದಾರಿಯಲ್ಲಿ. ಆಡು ಹೊಡೆದುಕೊಂಡು ಬರುವಷ್ಟರಲ್ಲಿ ಹನಿ ಶುರುವಾಗುತ್ತದೆ, ಅವನು ಹುಣಸೆಮರದ ಬುಡಕ್ಕೆ ಓಡುತ್ತಾನೆ, ಆಡೂ ಅವನ ಸುತ್ತ ಒತ್ತಿಕೊಂಡು ನಿಲ್ಲುತ್ತವೆ.

ಈ ಮರದ ಬುಡದಲ್ಲಿ ಸ್ವಲ್ಪ ನಿಲ್ಲೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಪ್ರಕೃತಿಯ ಹೊಡೆತಕ್ಕೆ ಆ ವರ್ಷ ಹೋದ ಜೀವಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು. ಸಿಡಿಲು ನೇರವಾಗಿ ಮನುಷ್ಯನ ತಲೆಗೇ ಹೊಡೆಯುವುದು ಅಪರೂಪ. ಅದು ಮರಕ್ಕೆ ಹೊಡೆದು, ಕಾಂಡದಿಂದ ಪಕ್ಕದಲ್ಲಿರುವ ಮೈಗೆ ಹಾರುತ್ತದೆ. ಇಲ್ಲವೆ ಬೇರಿನ ಗುಂಟ ನೆಲಕ್ಕಿಳಿದು ಸುತ್ತಲೂ ಹರಿಯುತ್ತದೆ. ಹೀಗೆ ನೆಲದಲ್ಲಿ ಹರಿಯುವ ವಿದ್ಯುತ್ತೇ ಹೆಚ್ಚು ಜೀವ ತೆಗೆಯುವುದು. ಬುಡದಿಂದ ದೂರ ಹೋದಂತೆ ಅದರ ಒತ್ತಡ ಇಳಿಯುತ್ತದೆ, ಆದ್ದರಿಂದ ಒಂದು ಕಾಲಿರುವ ಜಾಗಕ್ಕೂ ಇನ್ನೊಂದು ಕಾಲಿರುವ ಜಾಗಕ್ಕೂ ವ್ಯತ್ಯಾಸ ಇರುತ್ತದೆ. ಕಾಲುಗಳ ನಡುವೆ ಅಂತರ ಹೆಚ್ಚಿದಷ್ಟೂ ಮೈಯೊಳಗೆ ಹಾಯುವ ವಿದ್ಯುತ್ತು ಹೆಚ್ಚು. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಇರುವ ಅಂತರ ನೆನೆಯಿರಿ. ಆ ದಾರಿಯ ಮಧ್ಯದಲ್ಲೇ ಅದರ ಗುಂಡಿಗೆ. ಒಂದೇ ಮರದ ಕೆಳಗೆ ಐದಾರು ದನ ಒಟ್ಟಿಗೆ ಸತ್ತುಬಿದ್ದಾಗ 'ದೇವರ ಮುನಿಸು' ಎಂದು ಮರುಗುತ್ತೇವೆ. ಹತ್ತು ನಿಮಿಷ ಮೊದಲು ಕೊಟ್ಟಿಗೆಗೆ ಸೇರಿದ್ದರೆ ಅವೆಲ್ಲ ಉಳಿಯುತ್ತಿದ್ದವು ಎಂಬುದು ನನ್ನನ್ನು ಕಾಡುವ ಸಂಗತಿ.

ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಎಂದು ಸಿಗುತ್ತದೆ. ಮೂವತ್ತರೊಳಗೆ ಗುಡುಗು ಕೇಳಿದರೆ ಹತ್ತು ಕಿಲೋಮೀಟರಿನೊಳಗೆ ಬಂತು ಎಂದರ್ಥ; ಮುಂದಿನದು ನಿಮ್ಮ ತಲೆಯ ಮೇಲೇ ಇರಬಹುದು. ಪಕ್ಕಾ ಮನೆಯೊಳಗೆ ಹೋಗಿ. ಬಸ್ಸು, ಕಾರು ಇದ್ದರೆ ಒಳಗೆ ಕೂತು ಗಾಜು ಏರಿಸಿ. ನಾಲ್ಕು ಕಂಬದ ಚಪ್ಪರ, ಪಂಪ್‌ಸೆಟ್ಟಿನ ಪುಟ್ಟ ಶೆಡ್ಡು, ಹೊಲದ ಮಂಚಿಕೆ ಇವು ನೆರಳಾದಾವು, ರಕ್ಷಣೆಯಲ್ಲ. ತಂತಿಬೇಲಿ, ಆನೆಗೆಂದು ಹಾಕಿದ ಸೋಲಾರ್ ಬೇಲಿ, ಕಬ್ಬಿಣದ ಪೈಪು ಇವುಗಳಿಂದ ದೂರವಿರಿ. ಸಿಡಿಲು ದೂರದಲ್ಲಿ ಬಿದ್ದರೂ ತಂತಿಯಲ್ಲಿ ಹರಿದು ಬರುತ್ತದೆ. ಎಲ್ಲೂ ದಾರಿಯಿಲ್ಲದೆ ಬಯಲಲ್ಲೇ ಸಿಕ್ಕಿಬಿದ್ದರೆ ಪಾದ ಎರಡೂ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ, ಒಬ್ಬರಿಗೊಬ್ಬರು ದೂರ ಇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಬರಬೇಡಿ. ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಎಳೆಯುವುದಿಲ್ಲ, ಚಾರ್ಜಿಗೆ ಹಾಕಿದ ಫೋನು ಹಿಡಿಯುವುದು ಮಾತ್ರ ಅಪಾಯ.

ಇನ್ನೊಂದು ನಂಬಿಕೆ ಜೀವವನ್ನೇ ಕಳೆಯುತ್ತದೆ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಹೊಡೆಯುತ್ತದೆ ಎಂದು ಜನ ದೂರ ನಿಲ್ಲುತ್ತಾರೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಸಿಡಿಲು ತಗುಲಿದವರಲ್ಲಿ ಹೆಚ್ಚಿನವರು ಸಾಯುವುದಿಲ್ಲ. ಸಾಯುವವರು ಗುಂಡಿಗೆ, ಉಸಿರು ನಿಂತು ಸಾಯುತ್ತಾರೆ. ಆ ಕ್ಷಣದಿಂದಲೇ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ ನೂರು ಸಲಕ್ಕೂ ಮಿಕ್ಕಿ ಬಲವಾಗಿ ಒತ್ತುತ್ತಾ ಹೋದರೆ, 108ರ ಗಾಡಿ ಬರುವವರೆಗೆ ಜೀವ ಹಿಡಿದಿಡಲು ಸಾಧ್ಯ. ಪೇಟೆಯ ಆಸ್ಪತ್ರೆ ದೂರವಿರುವ ನಮ್ಮಂಥ ಕಡೆ ಇದನ್ನು ಪ್ರತಿ ಮನೆಯಲ್ಲೂ ಒಬ್ಬರಾದರೂ ಕಲಿತಿರಲೇಬೇಕು.

ಜನ, ದನಕರುಗಳ ಮಾತಾಯಿತು, ಈಗ ಮಾವಿನ ವಿಷಯ. ತಮಿಳುನಾಡಿನಲ್ಲಿ ಮಾವಿಗೆ ಹೆಸರಾದ ಜಿಲ್ಲೆ ನಮ್ಮ ಕೃಷ್ಣಗಿರಿ; ತೋತಾಪುರಿ ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗಳು ಇಲ್ಲಿವೆ. ಏಪ್ರಿಲ್, ಮೇ ಅಂದರೆ ಕಾಯಿ ಬಲಿಯುವ ಕಾಲ. ಒಂದು ಹದವಾದ ಮಳೆ ಬಿದ್ದರೆ ಕಾಯಿ ದಪ್ಪವಾಗುತ್ತದೆ. ಅದೇ ಮಳೆ ಆಲಿಕಲ್ಲಿನ ಜೊತೆ ಬಂದರೆ ಉದುರಿದ್ದು ಹೋಯಿತು, ಮರದಲ್ಲಿ ಉಳಿದದ್ದರ ಮೇಲೂ ಪೆಟ್ಟು ಬಿದ್ದ ಕಡೆ ಕಪ್ಪು ಕಲೆ ಬಂದು ಕೊಳೆಯುತ್ತದೆ. ಅದಕ್ಕೆ ಮಂಡಿಯಲ್ಲಿ ಬೆಲೆಯಿಲ್ಲ. ಫಸಲ್ ಬಿಮಾ ಯೋಜನೆಯಡಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲಿನ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ನಿಮ್ಮ ಬೆಳೆ ಆ ಪಟ್ಟಿಯಲ್ಲಿದೆಯೇ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಮಳೆ ಬಿದ್ದ ಮೇಲೆ ಆ ಮೂರು ದಿನ ಮುರಿದ ಕೊಂಬೆ ಎತ್ತುವುದರಲ್ಲೇ ಕಳೆದುಹೋಗುತ್ತದೆ.

ಇನ್ನು ಮುನ್ಸೂಚನೆಯ ಮಾತು. 'ಮಳೆ ಬರುತ್ತೆ ಅಂದರು, ಬರಲಿಲ್ಲ, ಇವರದೆಲ್ಲ ಸುಳ್ಳು' ಎಂಬ ದೂರು ನಾನು ಎಲ್ಲ ಕಡೆ ಕೇಳುತ್ತೇನೆ. ಇಲಾಖೆ 'ಒಂದೆರಡು ಕಡೆ' ಎಂದರೆ ಅದಕ್ಕೊಂದು ಲೆಕ್ಕವಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ ಇಪ್ಪತ್ತೈದರೊಳಗೆ ಮಳೆ. ಅಂದರೆ ಮುಕ್ಕಾಲು ಪಾಲಿಗೆ ಇಲ್ಲ ಎಂಬುದೂ ಅದೇ ಮಾತಿನಲ್ಲಿದೆ. ನಮ್ಮ ಜಿಲ್ಲೆ ಐದು ಸಾವಿರ ಚದರ ಕಿಲೋಮೀಟರ್ ಮೀರಿದ್ದು. ಒಂದು ಗುಡುಗುಮೋಡದ ಅಗಲ ಹತ್ತು ಹದಿನೈದು ಕಿಲೋಮೀಟರ್, ಆಯಸ್ಸು ಒಂದು ಗಂಟೆಯ ಆಚೀಚೆ. ಎಚ್ಚರಿಕೆಯ ನಕ್ಷೆಯಲ್ಲಿ ಇಡೀ ಜಿಲ್ಲೆಗೆ ಹಳದಿ ಬಣ್ಣ ಬಳಿದರೆ ಮಳೆ ಊತಂಗರೆಗೆ ಬೀಳಬಹುದು, ಅಂಚೆಟ್ಟಿಗೆ ಬೀಳದಿರಬಹುದು. ಹಳದಿ ಅಂದರೆ ಕಣ್ಣಿಟ್ಟಿರಿ, ಕಿತ್ತಳೆ ಅಂದರೆ ಸಿದ್ಧವಾಗಿರಿ, ಕೆಂಪು ಅಂದರೆ ಈಗಲೇ ಕೆಲಸ ಮಾಡಿ. ಮಳೆ ಗ್ಯಾರಂಟಿ ಎಂದು ಯಾವ ಬಣ್ಣವೂ ಹೇಳುವುದಿಲ್ಲ.

ಬೇಸಿಗೆಯ ಆರಂಭದಲ್ಲಿ ಬರುವ ಋತುವಿನ ಮುನ್ನೋಟ ಬಿತ್ತನೆ, ನೀರು, ಮೇವಿನ ಯೋಜನೆಗೆ. ಐದು ದಿನದ ಮುನ್ಸೂಚನೆ ಕೆಲಸ ಹೊಂದಿಸಿಕೊಳ್ಳಲು. ಜೀವ ಉಳಿಸುವುದು ರಾಡಾರ್ ನೋಡಿ ಕೊಡುವ ಮೂರು ಗಂಟೆಯ ತಕ್ಷಣದ ಸೂಚನೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಹತ್ತಿರದ ಸಿಡಿಲನ್ನು ಫೋನಿನಲ್ಲೇ ತೋರಿಸುತ್ತದೆ. ಗಡಿಯವರಾದ ನಮಗೆ ಒಂದು ಅನುಕೂಲವೂ ಇದೆ. ನಮಗೆ ಅಧಿಕೃತ ಸೂಚನೆ ಚೆನ್ನೈನಿಂದ ಬರುತ್ತದೆ. ಗಡಿಯಾಚೆಯ ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಚಾಮರಾಜನಗರ ಜಿಲ್ಲೆಗಳಿಗೆ ಬೆಂಗಳೂರಿನಿಂದ ಬರುತ್ತದೆ. ಕನಕಪುರ, ಕೊಳ್ಳೇಗಾಲದ ಕಡೆ ಎದ್ದ ಮೋಡ ರಾಜ್ಯದ ಗಡಿ ನೋಡಿ ನಿಲ್ಲುವುದಿಲ್ಲ. ಎರಡನ್ನೂ ನೋಡುವವರಿಗೆ ನಮ್ಮ ಊರಿನ ಚಿತ್ರ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ.

ಮೊಬೈಲಿಗೆ ತಮಿಳಿನಲ್ಲಿ ಬಂದ ಎಚ್ಚರಿಕೆಯನ್ನು ನಮ್ಮ ಮಕ್ಕಳು ಸಲೀಸಾಗಿ ಓದುತ್ತಾರೆ. ಆದರೆ ಮಧ್ಯಾಹ್ನ ಮೂರಕ್ಕೆ ಆಡಿನ ಹಿಂದೆ ಇರುವವರು ಆ ಮಕ್ಕಳಲ್ಲ, ಅವರ ಅಜ್ಜ ಅಜ್ಜಿ. ಅವರ ಹತ್ತಿರ ಇರುವುದು ಗುಂಡಿಯ ಫೋನು, ಗೊತ್ತಿರುವುದು ಆಡುವ ಕನ್ನಡ. ಹಾಗಾಗಿ ಓದುವ ಎಚ್ಚರಿಕೆಯನ್ನು ಕೇಳುವ ಎಚ್ಚರಿಕೆಯಾಗಿ ಮಾಡಬೇಕು. ಪ್ರತಿ ಹಟ್ಟಿಗೂ ಇಬ್ಬರು ಯುವಕ ಯುವತಿಯರು ಹೊಣೆ ಹೊತ್ತು, ಸೂಚನೆ ಬಂದ ಕೂಡಲೇ ದೇವಸ್ಥಾನದ ಮೈಕಿನಲ್ಲಿ ಎರಡೇ ಮಾತು ನಮ್ಮ ನುಡಿಯಲ್ಲಿ ಹೇಳಿದರೆ ಸಾಕು: ಗುಡುಗು ಬರುತ್ತಿದೆ, ದನ ಆಡು ಹೊಡೆದುಕೊಂಡು ಬನ್ನಿ. ಇದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ, ದುಡ್ಡೂ ಬೇಕಿಲ್ಲ.

ಬಿಸಿಲಿನ ಬಗ್ಗೆಯೂ ಎರಡು ಮಾತು ಬಾಕಿ ಇದೆ. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರ್ಕಾರ ಬಿಸಿಗಾಳಿಯನ್ನು ರಾಜ್ಯದ ವಿಪತ್ತು ಎಂದು ಘೋಷಿಸಿತು. ಬಿಸಿಲಿಗೆ ಸತ್ತವರ ಕುಟುಂಬಕ್ಕೆ ನಾಲ್ಕು ಲಕ್ಷ ರೂಪಾಯಿ ಪರಿಹಾರ. ಆದರೆ ಸಾವು ಬಿಸಿಲಿನಿಂದಲೇ ಎಂದು ವೈದ್ಯರು ದೃಢಪಡಿಸಬೇಕು. ಹೊಲದಲ್ಲಿ ಕುಸಿದವರನ್ನು ಮನೆಗೊಯ್ದು ಮಣ್ಣು ಮಾಡಿದರೆ ಅದು ಯಾವ ದಾಖಲೆಗೂ ಸೇರುವುದಿಲ್ಲ. ಕಲ್ಲಿನ ಕ್ವಾರಿಯಲ್ಲಿ, ರಸ್ತೆ ಕೆಲಸದಲ್ಲಿ, ಉದ್ಯೋಗ ಖಾತ್ರಿಯ ಕೆಲಸದಲ್ಲಿರುವವರು ಮಾತು ತೊದಲಿದರೆ, ಗೊಂದಲಗೊಂಡರೆ, ಮೈ ಕೆಂಡವಾದರೆ ಅದು ಬಳಲಿಕೆಯಲ್ಲ, ಬಿಸಿಲಿನ ಆಘಾತ. ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಿ, ಆಸ್ಪತ್ರೆಗೆ ಸಾಗಿಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ರಾತ್ರಿ ಸೆಕೆ ಇಳಿಯದ ದಿನಗಳಲ್ಲಿ ವಯಸ್ಸಾದವರನ್ನು ಇನ್ನೂ ಹೆಚ್ಚು ನೋಡಿಕೊಳ್ಳಬೇಕು, ಹಗಲು ಕಾದ ಮೈಗೆ ಆರಲು ಹೊತ್ತೇ ಸಿಕ್ಕಿರುವುದಿಲ್ಲ. ರಾಗಿ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ನಮ್ಮ ಮನೆಗಳಲ್ಲೇ ಇವೆ. ಬಾಟಲಿ ಪಾನೀಯಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ಕೊನೆಯದಾಗಿ ಈ ಸಭೆಯ ಮುಂದೆ ಒಂದು ಬೇಡಿಕೆ. ಇಳಿಜಾರಿನ ನಮ್ಮ ಊರಿಗೆ ನಮ್ಮದೇ ಅಂಕಿಗಳು ಬೇಕು. ಒಂದು ಮಳೆಮಾಪಕ, ನೆರಳಿನಲ್ಲಿ ನೇತುಹಾಕಿದ ಒಂದು ಗರಿಷ್ಠ-ಕನಿಷ್ಠ ತಾಪಮಾಪಕ, ಒಂದು ನೋಟುಬುಕ್ಕು ಇದ್ದರೆ ಶುರುಮಾಡಬಹುದು. ಇಲಾಖೆ ದೇಶದಾದ್ಯಂತ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ನಾವೂ ಆ ಹೊತ್ತಿಗೇ ಅಳೆದರೆ ನಮ್ಮ ಅಂಕಿಯನ್ನು ಅವರದರ ಪಕ್ಕ ಇಟ್ಟು ನೋಡಬಹುದು. ಇದನ್ನು ಶಾಲೆಯಲ್ಲಿ ಇಡೋಣ ಎಂದು ಎಲ್ಲರೂ ಮೊದಲು ಹೇಳುತ್ತಾರೆ. ಆದರೆ ನಮಗೆ ಬೇಕಾದ ತಿಂಗಳಲ್ಲೇ ಶಾಲೆಗೆ ರಜೆ. ಹಾಲು ಹಾಕುವ ಜಾಗದ ಬಾಗಿಲು ಮಾತ್ರ ವರ್ಷದ ಅಷ್ಟೂ ಬೆಳಿಗ್ಗೆ ತೆರೆದಿರುತ್ತದೆ, ಹಾಲಿನ ಅಳತೆ ಬರೆಯುವ ಕೈ ಮಳೆಯ ಅಳತೆಯನ್ನೂ ಬರೆಯಬಲ್ಲದು. ಕಟ್ಟಡ, ಮರಗಳಿಂದ ದೂರ, ಅಂಗಳದ ನಡುವೆ ಮಳೆಮಾಪಕವನ್ನು ನೆಡಬೇಕು. ಮುಂದಿನ ಅಶ್ವಿನಿ ಮಳೆ ಹುಟ್ಟುವುದು ಏಪ್ರಿಲ್ 14ರ ಸುಮಾರಿಗೆ, ಅಷ್ಟರೊಳಗೆ ಆಗಲಿ.